ರಾತವಾ ಎಂಬ ನಮ್ಮ ನತ್ತಿಂಗ

ಪುಣೆಯಲ್ಲಿ ಮೊದಲ ಮಳೆ ಬಿದ್ದ ವಾರದಲ್ಲೇ ನಮ್ಮ ಆಫೀಸಿನ ಇನ್‌ಬಾಕ್ಸಿಗೆ ಒಂದು ಮೇಲ್ ತಪ್ಪದೇ ಬರುತ್ತದೆ. ಹಸಿರು ಅಕ್ಷರ, ಮೂಲೆಯಲ್ಲಿ ಎರಡು ಎಲೆ, ಬನ್ನಿ ಗುಡ್ಡವನ್ನು ಹಸಿರಾಗಿಸೋಣ ಎಂಬ ಕರೆ. ಶನಿವಾರ ಬೆಳಗ್ಗೆ ಬಸ್ಸು, ಟೀ-ಶರ್ಟು, ಟೊಪ್ಪಿಗೆ, ವಡಾಪಾವ್. ಹಿಂಜವಡಿಯಲ್ಲಿ ಹದಿನಾಲ್ಕು ವರ್ಷ ಕಳೆದ ನನ್ನ ಮನೆಯಲ್ಲಿ ಇಂಥ ನಾಲ್ಕೈದು ಟೀ-ಶರ್ಟುಗಳು ನೆಲ ಒರೆಸುವ ಹಂತಕ್ಕೆ ಬಂದಿವೆ. ಸಸಿ ನೆಡುವುದು ತಪ್ಪಾದ ಕೆಲಸ ಆಗಬಹುದು ಎಂದು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಆ ವರ್ಷ ನಮಗೆ ಕೊಟ್ಟಿದ್ದು ಸೂಸ್ ಕಡೆಯ ಒಂದು ಬೋಳು ಗುಡ್ಡದ ಇಳಿಜಾರು. ಗರಸು ಮಣ್ಣು, ಕಪ್ಪು ಕಲ್ಲು, ಕಳೆದ ವರ್ಷದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ. ಗುಂಡಿ ತೋಡಬೇಕಾದ ಕಡೆಯೆಲ್ಲ ಸುಣ್ಣದಿಂದ ಗುರುತು ಹಾಕಿದ್ದರು. ಮಕ್ಕಳನ್ನೂ ಕರೆತರಬಹುದು ಎಂದಿದ್ದಕ್ಕೆ ಆಗ ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಒಂದು ಸಸಿ ಹಿಡಿದು ಸುಣ್ಣದ ಗುರುತಿನಿಂದ ಗುರುತಿಗೆ ಜಿಗಿಯುತ್ತ ಹೊರಟವಳು ಒಮ್ಮೆಲೇ ಚೀರಿದಳು.

ಅವಳ ಕಾಲಿನ ಬುಡದಿಂದ ಒಂದು ಒಣ ಎಲೆ ಎದ್ದು ಹಾರಿತ್ತು. ಎಲೆ ಅಲ್ಲ, ಹಕ್ಕಿ. ಗಾಳಿಯಲ್ಲಿ ಸದ್ದೇ ಇಲ್ಲದೆ ನಾಲ್ಕು ಮಾರು ಹೋಗಿ ನೆಲಕ್ಕೆ ಬಿತ್ತು. ಒಂದು ರೆಕ್ಕೆ ಎಳೆದುಕೊಂಡು ಹೊರಳಾಡತೊಡಗಿತು.

"ಪಪ್ಪಾ, ನಾನು ತುಳಿದುಬಿಟ್ಟೆ. ಅದರ ರೆಕ್ಕೆ ಮುರೀತು" ಎಂದು ಅವಳು ಅಳಲು ಶುರು ಮಾಡಿದಳು. ನಾನು ಹಿಡಿಯಲು ಹೋದೆ. ಅದು ಇನ್ನೂ ನಾಲ್ಕು ಮಾರು ಮುಂದಕ್ಕೆ ಹೋಗಿ ಬಿತ್ತು. ಮತ್ತೆ ಹೋದೆ. ಹೀಗೆ ನನ್ನನ್ನು ಐವತ್ತು ಹೆಜ್ಜೆ ಕೆಳಗೆ ಇಳಿಸಿದ ಮೇಲೆ, ಏನೂ ಆಗಿಲ್ಲವೆಂಬಂತೆ ಎರಡೂ ರೆಕ್ಕೆ ಬಿಚ್ಚಿ ಹಾರಿ ಬಂಡೆಯ ಆಚೆ ಮರೆಯಾಯಿತು. ಬೆವರು ಒರೆಸಿಕೊಳ್ಳುತ್ತ ವಾಪಸು ಬಂದರೆ ಮಗಳು ಅಳು ನಿಲ್ಲಿಸಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅವಳೆದುರು ಬರೀ ನೆಲದ ಮೇಲೆ ಎರಡು ಮೊಟ್ಟೆ. ಗೂಡಿಲ್ಲ, ಕಡ್ಡಿಯಿಲ್ಲ, ಗುಣಿಯೂ ಇಲ್ಲ. ತೆಳು ಗುಲಾಬಿ ಬಣ್ಣದ ಮೇಲೆ ಕಂದು ಕಲೆಗಳು. ಒಂದು ಗೇಣು ಆಚೆ ಸುಣ್ಣದ ಗುರುತು.

ಪಕ್ಕದ ಇಳಿಜಾರಿನಲ್ಲಿ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮ ಗಲಾಟೆ ನೋಡಿ ಹತ್ತಿರ ಬಂದರು. "ರಾತವಾ ಆಹೇ ತೋ, ಸಾಹೇಬ" ಎಂದರು. ಹಾಗೆ ನನಗೆ ಈ ಹಕ್ಕಿಯ ಮರಾಠಿ ಹೆಸರು ಮೊದಲು ಸಿಕ್ಕಿತು. ಕನ್ನಡದಲ್ಲಿ ಅದನ್ನು ನತ್ತಿಂಗ ಎನ್ನುತ್ತಾರೆಂದು ತಿಳಿದದ್ದು ರಾತ್ರಿ ಮನೆಗೆ ಬಂದು ಪುಸ್ತಕ ತೆರೆದ ಮೇಲೆ. ಇಂಗ್ಲಿಷಿನಲ್ಲಿ ನೈಟ್‌ಜಾರ್. ರಾಣೆಬೆನ್ನೂರಿನ ಹತ್ತಿರ ಹುಟ್ಟಿ ಬೆಳೆದವನಿಗೆ ಈ ಹೆಸರು ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಗಿ ಅಪ್ಪನಿಗೆ ಫೋನ್ ಮಾಡಿದೆ.

"ಅದಾ? ರಾತ್ರಿ ಹಾದ್ಯಾಗ ಕುಂತಿರತೈತಲ್ಲ ತಮ್ಮಾ. ಬಂಡಿ ಬಂದ್ರೂ ಏಳೂದಿಲ್ಲ. ಎತ್ತಿನ ಕಾಲು ಇನ್ನೇನ್ ತುಳೀತು ಅನ್ನೂವಾಗ ಎದ್ದ ಹೋಗತೈತಿ" ಎಂದರು ಅಪ್ಪ.

"ಅದಕ್ಕ ಏನಂತಾರಪ್ಪಾ?"

"ಹೆಸರ ಗೊತ್ತಿಲ್ಲ ಬಿಡು. ಹೆಸರ ಹಿಡದ ಕರ್ಯಾಕ ಅದೇನ್ ನಮ್ಮನ್ಯಾಗ ಇರತೈತೇನ?"

ಅಪ್ಪ ಹೆಸರಿಲ್ಲದೆಯೂ ಅದರ ಸ್ವಭಾವವನ್ನು ಸರಿಯಾಗಿಯೇ ಹೇಳಿದ್ದರು. ನತ್ತಿಂಗದ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ: ಕೊನೆಯ ಗಳಿಗೆಯವರೆಗೆ ಏಳುವುದಿಲ್ಲ. ಅದಕ್ಕೆ ಗಿಡುಗನ ಉಗುರಿಲ್ಲ, ಗಿಣಿಯ ಕೊಕ್ಕಿಲ್ಲ. ಕಾಲುಗಳು ಎಷ್ಟು ಗಿಡ್ಡವೆಂದರೆ ನೆಟ್ಟಗೆ ನಡೆಯಲೂ ಬಾರದು. ಕೊಂಬೆಯ ಮೇಲೆ ಕೂತರೂ ಬೇರೆ ಹಕ್ಕಿಗಳಂತೆ ಅಡ್ಡಲಾಗಿ ಕೂರದೆ, ಕೊಂಬೆಯ ಉದ್ದಕ್ಕೆ ಒಂದು ಗಂಟಿನ ಹಾಗೆ ಅಂಟಿಕೊಂಡಿರುತ್ತದೆ. ಅದರ ಬಳಿ ಇರುವುದು ಮೈಬಣ್ಣವೊಂದೇ. ಬೂದಿ, ಕಂದು, ಕಪ್ಪು, ಒಣಹುಲ್ಲಿನ ಹಳದಿ ಎಲ್ಲ ಸೇರಿ ನೆಲವನ್ನೇ ಹೊದ್ದುಕೊಂಡಂತೆ. ಹಗಲಿಡೀ ಕಣ್ಣನ್ನು ಒಂದು ಗೆರೆಯಷ್ಟು ಮಾತ್ರ ತೆರೆದು ಕೂರುತ್ತದೆ. ದೊಡ್ಡ ಕಪ್ಪು ಕಣ್ಣು ಪೂರ್ತಿ ತೆರೆದರೆ ಗುಟ್ಟು ರಟ್ಟಾಗುತ್ತದಲ್ಲ!

ಈ ಬಗ್ಗೆ ಎಕ್ಸೆಟರ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಸಂಶೋಧಕರು ಆಫ್ರಿಕದ ಜಾಂಬಿಯಾದಲ್ಲಿ ಮಾಡಿದ ಕೆಲಸ ಓದಿ ನಾನು ಬೆರಗಾದೆ. ನೆಲದಲ್ಲಿ ಮೊಟ್ಟೆಯಿಡುವ ನತ್ತಿಂಗ, ಟಿಟ್ಟಿಭದ ಜಾತಿಯ ಹಕ್ಕಿಗಳ ನೂರಾರು ಗೂಡುಗಳ ಚಿತ್ರ ತೆಗೆದು, ಅವು ಬೇಟೆಗಾರ ಪ್ರಾಣಿಯ ಕಣ್ಣಿಗೆ ಹೇಗೆ ಕಾಣುತ್ತವೆಂದು ಲೆಕ್ಕ ಹಾಕಿದರು. 2016ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಸುತ್ತಲಿನ ನೆಲಕ್ಕೆ ಚೆನ್ನಾಗಿ ಹೊಂದಿಕೊಂಡ ಗೂಡು ಉಳಿಯುವ ಸಾಧ್ಯತೆ ಹೆಚ್ಚು. ನತ್ತಿಂಗದ ಮಟ್ಟಿಗೆ ಮುಖ್ಯವಾದದ್ದು ತಾಯಿಯ ಪುಕ್ಕದ ವಿನ್ಯಾಸ, ಏಕೆಂದರೆ ಅದು ಮೊಟ್ಟೆಯ ಮೇಲಿಂದ ಏಳುವುದೇ ಇಲ್ಲ. ಮರುವರ್ಷದ ವರದಿ ಇನ್ನೂ ಸ್ವಾರಸ್ಯದ್ದು: ಒಂದೇ ಜಾತಿಯೊಳಗೂ ಒಂದೊಂದು ಹಕ್ಕಿ ತನ್ನದೇ ಮೈಬಣ್ಣಕ್ಕೆ ಹೊಂದುವ ನೆಲವನ್ನು ಆರಿಸಿಕೊಳ್ಳುತ್ತದಂತೆ. ಕನ್ನಡಿ ನೋಡದ ಹಕ್ಕಿಗೆ ತಾನು ಯಾವ ಬಣ್ಣವೆಂದು ತಿಳಿಯುವುದು ಹೇಗೆ? ನನ್ನ ಮಗಳ ಪ್ರಶ್ನೆ ಇದು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಹಕ್ಕಿಗೆ ಊಟದ ಸಮಯ ಸೂರ್ಯ ಮುಳುಗಿದ ಮೇಲೆ. ಕೊಕ್ಕು ನೋಡಿದರೆ ಹೆಸರುಕಾಳಿನಷ್ಟು, ಬಾಯಿ ತೆರೆದರೆ ತಲೆಯೇ ಎರಡು ಹೋಳು. ಬಾಯಿಯ ಅಂಚಿಗೆ ಮೀಸೆಯಂಥ ಗಡುಸು ಕೂದಲು. ತಗ್ಗಿನಲ್ಲಿ ಹಾರುತ್ತ ಪತಂಗ, ಜೀರುಂಡೆ, ರೆಕ್ಕೆ ಹುಳಗಳನ್ನು ಹಾರಾಟದಲ್ಲೇ ನುಂಗುತ್ತದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿದೆ. ಅಪ್ಪನ ಬಂಡಿಯ ಲಾಟೀನಿಗೂ ನನ್ನ ಬೈಕಿನ ಹೆಡ್‌ಲೈಟಿಗೂ ಕೆಂಡದಂತೆ ಹೊಳೆಯುವುದು ಅದೇ. ಕಾಲಿನ ನಡುಬೆರಳಿನ ಉಗುರಿನಲ್ಲಿ ಬಾಚಣಿಗೆಯ ಹಲ್ಲುಗಳಿವೆ. ಮೈ ಬಾಚಿಕೊಳ್ಳಲು ಎನ್ನುತ್ತಾರೆ.

ಬೆಳುದಿಂಗಳೆಂದರೆ ಇವುಗಳ ಪಾಲಿಗೆ ಓವರ್‌ಟೈಮ್. ಆಕಾಶದ ಬೆಳಕಿಗೆ ಎದುರಾಗಿ ಹುಳ ಕಾಣಬೇಕು, ಹಾಗಾಗಿ ಚಂದಿರನಿದ್ದರೆ ರಾತ್ರಿಯಿಡೀ ಬೇಟೆ. ಉತ್ತರ ಅಮೆರಿಕದ ವಿಪ್-ಪುವರ್-ವಿಲ್ ಎಂಬ ಇವುಗಳ ಸಂಬಂಧಿಯಂತೂ, ಮರಿಗಳಿಗೆ ಹೆಚ್ಚು ಉಣಿಸಬೇಕಾದ ದಿನಗಳು ಹುಣ್ಣಿಮೆಯ ಆಸುಪಾಸಿಗೆ ಬರುವ ಹಾಗೆ ಮೊಟ್ಟೆಯಿಡುವ ಪ್ರವೃತ್ತಿ ತೋರಿಸುತ್ತದೆ. ಅದೇ ಖಂಡದ ಇನ್ನೊಂದು ಬಂಧು ಪೂರ್‌ವಿಲ್. 1946ರ ಡಿಸೆಂಬರಿನಲ್ಲಿ ಎಡ್ಮಂಡ್ ಜೇಗರ್ ಎಂಬ ಪ್ರಾಧ್ಯಾಪಕರು ಕ್ಯಾಲಿಫೋರ್ನಿಯಾದ ಮರುಭೂಮಿಯ ಒಂದು ಬಂಡೆಯ ಸಂದಿನಲ್ಲಿ ಅದು ಕರಡಿಯಂತೆ ಚಳಿನಿದ್ದೆಯಲ್ಲಿರುವುದನ್ನು ಕಂಡರು. ಹಕ್ಕಿಗಳೂ ಹೀಗೆ ವಾರಗಟ್ಟಲೆ ಮೈ ತಣ್ಣಗಾಗಿಸಿ ಮಲಗಬಲ್ಲವೆಂದು ವಿಜ್ಞಾನ ಒಪ್ಪಿದ್ದು ಆ ಮೇಲೆ. ಅಲ್ಲಿನ ಹೋಪಿ ಜನ ಮಾತ್ರ ಆ ಹಕ್ಕಿಗೆ ನಿದ್ರಿಸುವವನು ಎಂಬ ಅರ್ಥದ ಹೆಸರನ್ನು ಅದಕ್ಕೆ ಮೊದಲೇ ಇಟ್ಟಿದ್ದರು.

ಇನ್ನು ಆಡಿನ ಕಥೆ. ಈ ಕುಲದ ವೈಜ್ಞಾನಿಕ ಹೆಸರು ಕ್ಯಾಪ್ರಿಮಲ್ಗಸ್, ಅಂದರೆ ಲ್ಯಾಟಿನ್ನಿನಲ್ಲಿ ಆಡಿನ ಹಾಲು ಕರೆಯುವವನು. ಈ ಹಕ್ಕಿ ರಾತ್ರಿ ಆಡಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಆಮೇಲೆ ಕೆಚ್ಚಲು ಬತ್ತಿ ಆಡು ಕುರುಡಾಗುತ್ತದೆ ಎಂದು ಅರಿಸ್ಟಾಟಲನೇ ಬರೆದಿಟ್ಟಿದ್ದ. ಗುಡ್ಡದ ಮೇಲೆ ಸಿಕ್ಕಿದ್ದ ಆ ಮುದುಕರನ್ನು ಮುಂದೊಂದು ದಿನ ಭೇಟಿಯಾದಾಗ ನನ್ನ ಅರೆಬರೆ ಮರಾಠಿಯಲ್ಲಿ ಇದನ್ನು ಹೇಳಿದೆ. ಅವರು ಬಿದ್ದುಬಿದ್ದು ನಕ್ಕರು. ತನ್ನ ಮರಿಯನ್ನು ಬಿಟ್ಟು ಬೇರೆ ಮರಿಯನ್ನೇ ಹತ್ತಿರ ಸೇರಿಸದ ಆಡು ಹಕ್ಕಿಯನ್ನು ಬಿಟ್ಟೀತೇ ಎಂದರು. ಹಿಂಡು ಇದ್ದಲ್ಲಿ ಹುಳ, ಹುಳ ಇದ್ದಲ್ಲಿ ರಾತವಾ, ಅಷ್ಟೇ ಎಂದರು. ಎರಡು ಸಾವಿರ ವರ್ಷದ ಅಪವಾದವನ್ನು ಅವರು ಬೀಡಿ ಹಚ್ಚುವಷ್ಟರಲ್ಲಿ ತೆಗೆದುಹಾಕಿದರು.

ಪುಣೆಗೂ ಈ ಹಕ್ಕಿಗಳಿಗೂ ಹಳೆಯ ನಂಟು. ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿಯನ್ನು ಬಾಂಬೆ ಸರ್ಕಾರ 1824ರಲ್ಲಿ ದಖನ್ ಪ್ರಾಂತ್ಯದ ಅಂಕಿ-ಅಂಶ ಸಂಗ್ರಹಿಸುವ ಕೆಲಸಕ್ಕೆ ನೇಮಿಸಿತು. ಆತ ಜನಸಂಖ್ಯೆ, ಬೆಳೆಗಳ ಜೊತೆಗೆ ಹಕ್ಕಿಗಳ ಲೆಕ್ಕವನ್ನೂ ಇಟ್ಟ. ನಮ್ಮಂಥ ಡೇಟಾ ಕೆಲಸದವರ ಹಿರಿಯಜ್ಜ ಎನ್ನಿ. 1832ರಲ್ಲಿ ಪ್ರಕಟವಾದ ಅವನ ಪಟ್ಟಿಯಲ್ಲಿ ಒಂದು ನತ್ತಿಂಗಕ್ಕೆ ಮರಾಠಾ ಸೀಮೆಯ ಹೆಸರೇ ಇದೆ: ಕ್ಯಾಪ್ರಿಮಲ್ಗಸ್ ಮಹ್ರಾಟ್ಟೆನ್ಸಿಸ್. ತಮಾಷೆಯೆಂದರೆ ಅದು ಇಲ್ಲಿ ಸಂಸಾರ ಹೂಡುವ ಹಕ್ಕಿಯಲ್ಲ. ವಾಯವ್ಯದ ಒಣ ಸೀಮೆಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಮಾತ್ರ ಇತ್ತ ಬರುತ್ತದೆ. ಬಂದವನಿಗೆ ಊರಿನ ಹೆಸರು ಅಂಟಿಕೊಂಡದ್ದು ನೋಡಿ, ವಲಸೆ ಬಂದ ನಮಗೆ ಸ್ವಲ್ಪ ಸಮಾಧಾನ.

ಇಲ್ಲೇ ಇರುವ ನತ್ತಿಂಗಗಳಲ್ಲಿ ಗುಡ್ಡಗಳ ಮೇಲೆ ನನಗೆ ಸಿಗುವುದು ಮುಖ್ಯವಾಗಿ ಎರಡು. ಒಂದಕ್ಕೆ ಪುಸ್ತಕಗಳು ಭಾರತೀಯ ನತ್ತಿಂಗ ಎನ್ನುತ್ತವೆ. ಇನ್ನೊಂದು ಸವನ್ನಾ ನತ್ತಿಂಗ. ಕಣ್ಣಿನಿಂದ ಇವನ್ನು ಬೇರೆ ಮಾಡುವುದು ನನ್ನಿಂದಾಗದ ಕೆಲಸ, ಕಿವಿಯಿಂದ ಸುಲಭ. ಕಲ್ಲುಹಾಸಿನ ಮೇಲೆ ಪಿಂಗ್‌ಪಾಂಗ್ ಚೆಂಡು ಬಿಟ್ಟರೆ ಟಕ್, ಟಕ್, ಟಕ್ ಎಂದು ಶುರುವಾಗಿ ಕೊನೆಗೆ ಟರ್ರ್ ಎಂದು ಮುಗಿಯುತ್ತದಲ್ಲ, ಅದು ಮೊದಲನೆಯದು. ಸವನ್ನಾ ನತ್ತಿಂಗದ್ದು ಚ್ವೀಪ್, ಚ್ವೀಪ್ ಎಂಬ ಒಂದೇ ಚೂಪಾದ ಕೂಗು, ಅದೂ ಹಾರಾಡುತ್ತ. ತೈವಾನಿನಲ್ಲಿ ಇದೇ ಹಕ್ಕಿ ನಗರದ ಕಟ್ಟಡಗಳ ಚಪ್ಪಟೆ ತಾರಸಿಯ ಮೇಲೆ ಮೊಟ್ಟೆಯಿಡಲು ಕಲಿತು, ರಾತ್ರಿ ಜನರ ನಿದ್ದೆ ಕೆಡಿಸಿ ಬೈಸಿಕೊಳ್ಳುತ್ತಿದೆ. ನಮ್ಮ ಗುಡ್ಡದ ಮೊಟ್ಟೆ ಇದರದ್ದೇ ಎಂದು ನಾನು ತೀರ್ಮಾನಿಸಿದ್ದೂ ಮುಂದಿನ ಸಂಜೆಗಳಲ್ಲಿ ಕೇಳಿದ ಆ ಕೂಗಿನಿಂದ.

ಆ ಮೊಟ್ಟೆಗಳ ಕಥೆ ಹೇಳದೆ ಇಷ್ಟು ಹೊತ್ತು ಸುತ್ತಿ ಬಳಸಿದ್ದೇಕೆಂದರೆ ಅದನ್ನು ಹೇಳಲು ನನಗೆ ಇಷ್ಟವಿಲ್ಲ.

ಅವತ್ತು ನಮ್ಮ ತಂಡ ಒಳ್ಳೆಯ ಮನಸ್ಸಿನಿಂದಲೇ ನಡೆದುಕೊಂಡಿತು. ಮೊಟ್ಟೆಯ ಸುತ್ತಲಿನ ಆರು ಗುಂಡಿ ಕೈಬಿಟ್ಟರು. ಯಾರೂ ತುಳಿಯದಿರಲಿ ಎಂದು ನಾನು ಸುತ್ತ ಕಲ್ಲು ಜೋಡಿಸಿದೆ. ನಾಲ್ಕು ಕೋಲು ನೆಟ್ಟು, ಸಸಿಗೆ ಕಟ್ಟಲು ತಂದಿದ್ದ ಕೆಂಪು ರಿಬ್ಬನ್ ಸುತ್ತಿದೆ. ಚಿತ್ರ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲಿ ಎಂದು ಕೇಳಿದವರಿಗೆ ಲೊಕೇಶನ್ನನ್ನೂ ಕಳಿಸಿದೆ. ಎಪ್ಪತ್ತೆಂಟು ಜನ ಹೃದಯ ಒತ್ತಿದ್ದರು. ಮುಂದಿನ ಎರಡು ದಿನ ಬೆಳಿಗ್ಗೆ ಸಂಜೆ ಜನ ಹೋಗಿ ನೋಡಿ ಬಂದರು, ಕೆಲವರು ಮಕ್ಕಳನ್ನು ಕರೆದುಕೊಂಡು, ಒಬ್ಬರು ದೊಡ್ಡ ಲೆನ್ಸು ಹೊತ್ತು. ನಾಲ್ಕನೆಯ ಬೆಳಿಗ್ಗೆ ನಾನೂ ಮಗಳೂ ಹೋದಾಗ ಕಲ್ಲಿನ ಉಂಗುರ ಹಾಗೇ ಇತ್ತು. ಒಳಗೆ ಒಂದು ಚೂರು ಚಿಪ್ಪು. ಹತ್ತಿರದ ಕೋಲಿನ ಮೇಲೆ ಕಾಗೆ ಕೂತಿತ್ತು. ಗುಡ್ಡದ ತುಂಬ ಬೀದಿನಾಯಿಗಳೂ ಇವೆ, ಮುಂಗುಸಿಗಳೂ ಇವೆ. ಯಾರು ತಿಂದರೆಂದು ಗೊತ್ತಾಗುವ ಹಾಗಿರಲಿಲ್ಲ.

ಹಕ್ಕಿ ನೋಡುವವರಲ್ಲಿ ಗೂಡಿನ ಚಿತ್ರ ಹಂಚಬಾರದು, ಗೂಡಿಗೆ ಗುರುತು ಹಾಕಬಾರದು ಎಂಬ ಪಾಠ ಮೊದಲನೆಯದಂತೆ. ನಾನು ಆಮೇಲೆ ಕಲಿತೆ. ಕಾಣದಿರುವುದೊಂದನ್ನೇ ಆಸರೆ ಮಾಡಿಕೊಂಡ ಹಕ್ಕಿಯ ಸುತ್ತ ಕೆಂಪು ರಿಬ್ಬನ್ ಕಟ್ಟಿದ್ದೆ. ತಾಯಿ ಕೂತಿದ್ದಷ್ಟು ಹೊತ್ತು ನೆಲವೇ ಅದನ್ನು ಕಾಯುತ್ತಿತ್ತು. ನೋಡಲು ಬಂದ ಪ್ರತಿಯೊಬ್ಬರೂ ಅದನ್ನು ಒಮ್ಮೆ ಎಬ್ಬಿಸಿದ್ದರು.

ಇದಾದ ಮೇಲೆ ಆ ಗುಡ್ಡಕ್ಕೆ ನಾನು ಆಗಾಗ ಹೋಗತೊಡಗಿದೆ. ನೆಟ್ಟ ಸಸಿಗಳನ್ನು ಮರುವರ್ಷ ಮೇ ತಿಂಗಳಲ್ಲಿ ಎಣಿಸಿದೆ: ನಾನ್ನೂರರಲ್ಲಿ ಜೀವವಿದ್ದದ್ದು ಮೂವತ್ತೊಂದು. ಬದುಕಿದ್ದರೂ ಬದುಕಿರದಿದ್ದರೂ ಪ್ರತಿಯೊಂದಕ್ಕೂ ಒಂದು ಗುಂಡಿ, ಸುತ್ತ ಕೆದರಿದ ಮಣ್ಣು, ಹರಿದ ಪ್ಲಾಸ್ಟಿಕ್ ಚೀಲ. ಪಕ್ಕದ ಗುಡ್ಡಗಳಲ್ಲಿ ಹಿಂದೆ ನೆಟ್ಟ ಗ್ಲಿರಿಸಿಡಿಯಾ, ಇಲ್ಲಿನವರ ಗಿರಿಪುಷ್ಪ, ಚೆನ್ನಾಗಿಯೇ ಹಬ್ಬಿದೆ. ಅದರ ನೆರಳಿನಲ್ಲಿ ಹುಲ್ಲು ಮಾತ್ರ ಕಾಣೆ. ಅಲ್ಲಿ ಮುಸ್ಸಂಜೆ ನಿಂತರೆ ನನಗೆ ಚ್ವೀಪ್ ಕೇಳಿಸಿದ್ದು ಕಡಿಮೆ.

ನಮಗೆಲ್ಲ ಬೋಳು ನೆಲ ಕಂಡರೆ ಏನೋ ಮಾಡಬೇಕು ಅನಿಸುತ್ತದೆ. ಸರ್ಕಾರದ ಬಂಜರು ಭೂಮಿ ಅಟ್ಲಾಸಿನಲ್ಲೂ ಕುರುಚಲು ನೆಲ ಒಂದು ಬಂಜರು ವರ್ಗವೇ. ನಮ್ಮೂರಿನ ಪಕ್ಕದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತಾರ 119 ಚದರ ಕಿಲೋಮೀಟರ್, ಘೋಷಣೆಯಾದದ್ದು 1974ರಲ್ಲಿ. ಕೃಷ್ಣಮೃಗ ಬಯಲಿನ ಪ್ರಾಣಿ. ಆದರೂ ಅಲ್ಲಿ ಸಾಲುಸಾಲು ನೀಲಗಿರಿ ಬೆಳೆಸಲಾಯಿತು. ನಾನು ಚಿಕ್ಕವನಿದ್ದಾಗ ಅಭಯಾರಣ್ಯ ಅಂದರೆ ನೀಲಗಿರಿ ತೋಪು ಅಂತಲೇ ತಿಳಿದಿದ್ದೆ. ಅಲ್ಲಿ ಹಿಂದೆ ಎರೆಭೂತ ಹಕ್ಕಿಯೂ ಕಾಣುತ್ತಿತ್ತು, ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುವ, ಬಯಲಿಲ್ಲದೆ ಬದುಕದ ಹಕ್ಕಿ. ನನ್ನ ತಲೆಮಾರಿನವರು ಅದರ ಹೆಸರನ್ನು ಮಾತ್ರ ಕೇಳಿದ್ದೇವೆ. ಮರದ ಮೇಲಿನ ಪ್ರೀತಿ ತಪ್ಪೆಂದು ಹೇಳುತ್ತಿಲ್ಲ. ವೇತಾಳ ಟೇಕಡಿಯ ಮೇಲೆ ರಸ್ತೆ ಬೇಡವೆಂದು 2023ರಲ್ಲಿ ಪುಣೆಯ ಜನ ಬೀದಿಗಿಳಿದಾಗ ನಾನೂ ಹೋಗಿದ್ದೆ. ಹುಲ್ಲಿಗೂ ಗರಸಿಗೂ ಅಷ್ಟೇ ಜನ ಸೇರುತ್ತಾರೆಯೇ ಎಂಬುದು ನನ್ನ ಅನುಮಾನ.

ಮರುವರ್ಷ ಹಸಿರು ಮೇಲ್ ಬಂದಾಗ ಅದನ್ನು ನೋಡಿಕೊಳ್ಳುವ ಹುಡುಗನ ಹತ್ತಿರ ಹೋಗಿ, ಈ ಸಲ ಆ ಇಳಿಜಾರಿನಲ್ಲಿ ಏನೂ ನೆಡುವುದು ಬೇಡ, ಪ್ಲಾಸ್ಟಿಕ್ ಹೆಕ್ಕೋಣ ಎಂದೆ.

"ಸರ್, ಅದು ಸರಿ. ಆದರೆ ಫೋಟೋದಲ್ಲಿ ಏನು ತೋರಿಸೋದು?" ಎಂದ. ವ್ಯಂಗ್ಯವಲ್ಲ, ಅವನಿಗೆ ಮೇಲಿನವರಿಗೆ ಒಪ್ಪಿಸಬೇಕಾದ ಲೆಕ್ಕವಿತ್ತು: ಇಷ್ಟು ಸಸಿ, ಇಷ್ಟು ಸ್ವಯಂಸೇವಕರು. ನೆಡದ ಸಸಿಗೆ ಕಾಲಂ ಇಲ್ಲ. ಮೂರು ಸಭೆ ಆದವು. ಕೊನೆಗೆ ಸಸಿಗಳು ಕೆಳಗಿನ ರಸ್ತೆಬದಿಗೆ ಹೋದವು, ನೀರು ಹಾಕಲೂ ಅಲ್ಲಿ ಸುಲಭ. ಮೇಲಿನಿಂದ ನಾವು ನಲವತ್ತು ಚೀಲ ಕಸ ಇಳಿಸಿದೆವು. ಅದೂ ಜೂನ್ ಬೇಡ, ಜನವರಿಯಲ್ಲಿ ಮಾಡೋಣ ಎಂದು ಹಟ ಹಿಡಿದಿದ್ದೆ, ಏಪ್ರಿಲಿನಿಂದ ಆಗಸ್ಟ್‌ವರೆಗೆ ಇವುಗಳ ಮೊಟ್ಟೆಯ ಕಾಲವೆಂದು. ಈ ವರ್ಷದ ಮಾತು ಇನ್ನೂ ಮುಗಿದಿಲ್ಲ. ಹೊಸ ಮ್ಯಾನೇಜರ್ ಬಂದಿದ್ದಾರೆ, ಮತ್ತೆ ಗುಡ್ಡದ ನಕ್ಷೆ ಹೊರಬಂದಿದೆ.

ಇದನ್ನು ಓದುತ್ತಿರುವ ನೀವು ಎಲ್ಲಿದ್ದರೂ ನಿಮ್ಮ ಪಾಲಿನ ನತ್ತಿಂಗವೊಂದು ಹತ್ತಿರದಲ್ಲಿರಬಹುದು. ಸಿಂಗಾಪುರದವರು ಉದ್ಯಾನದ ಅಂಚಿನಲ್ಲಿ ರಾತ್ರಿ ಟಾಕ್, ಟಾಕ್ ಎಂದು ಕುಟ್ಟುವ ಸದ್ದು ಕೇಳಿಯೇ ಇರುತ್ತೀರಿ. ಇಂಗ್ಲೆಂಡಿನವರಿಗೆ ಸರ್ರೆ, ಡಾರ್ಸೆಟ್‌ಗಳ ಕುರುಚಲು ಬಯಲಿನಲ್ಲಿ ಜೂನ್ ತಿಂಗಳ ಸಂಜೆ ಹೊಲಿಗೆ ಯಂತ್ರದಂತೆ ಗುರುಗುಟ್ಟುವುದು ಕೇಳಿಸುತ್ತದೆ. ದಾರಿ ಬಿಟ್ಟು ನಡೆಯಬೇಡಿ, ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ, ಟಾರ್ಚು ಜೇಬಿನಲ್ಲಿರಲಿ.

ಕಳೆದ ತಿಂಗಳು ಮಗಳು ಹತ್ತಕ್ಕೆ ಕಾಲಿಟ್ಟಳು. ಸಂಜೆ ಅವಳಿಗೆ ಗುಡ್ಡಕ್ಕೆ ಹೋಗಬೇಕಿತ್ತು. ಏಳೂಕಾಲಿಗೆ ಮೊದಲ ಚ್ವೀಪ್, ಆಮೇಲೆ ಎದುರಿನ ಇಳಿಜಾರಿನಿಂದ ಇನ್ನೊಂದು. ಅವಳು ಬೆರಳಲ್ಲಿ ಎಣಿಸಿ ನಾಲ್ಕು ಎಂದಳು, ನನ್ನ ಲೆಕ್ಕದಲ್ಲಿ ಮೂರು. ವಾಪಸು ಬರುವಾಗ ಮಣ್ಣುರಸ್ತೆಯ ತಿರುವಿನಲ್ಲಿ ಬೈಕಿನ ಬೆಳಕಿಗೆ ಎರಡು ಕೆಂಡ ಹೊಳೆದವು. ಹಗಲಿನ ಬಿಸಿ ಆರದ ನೆಲ ಇವುಗಳಿಗೆ ಇಷ್ಟ, ಅದಕ್ಕೇ ಎಷ್ಟೋ ನತ್ತಿಂಗಗಳು ಚಕ್ರಕ್ಕೆ ಸಿಗುತ್ತವೆ. ನಾನು ಎಂಜಿನ್ ನಿಲ್ಲಿಸಿ ದೀಪ ಆರಿಸಿದೆ. ಮಗಳು ಹಿಂದಿನ ಸೀಟಿನಲ್ಲೇ ಉಸಿರು ಬಿಗಿಹಿಡಿದು ಕೂತಳು. ನಮ್ಮ ಹಿಂದೆ ಬಂದ ಡೆಲಿವರಿ ಹುಡುಗನೂ ಬೈಕ್ ನಿಲ್ಲಿಸಿ "ಕಾಯ್ ಝಾಲಂ, ಕಾಕಾ?" ಏನಾಯ್ತು ಎಂದು ಕೇಳಿದ. ಮಗಳು ತುಟಿಯ ಮೇಲೆ ಬೆರಳಿಟ್ಟು ಮುಂದೆ ತೋರಿಸಿದಳು. ಅವನೂ ದೀಪ ಆರಿಸಿದ. ಮೂವರೂ ಕತ್ತಲಲ್ಲಿ ಕಾದೆವು. ಅದು ಯಾವಾಗ ಎದ್ದು ಹೋಯಿತೆಂದು ನಮಗೆ ಗೊತ್ತಾಗಲಿಲ್ಲ.